ಗುಳಿಗೆಯಿಲ್ಲದ ಮರೆವಿಗೆ ಊರೆಲ್ಲ ವೈದ್ಯರು

ಮರೆವು ಬಂದವರ ಮನೆಯಲ್ಲಿ ನಗುವ ಪ್ರಸಂಗಗಳಿಗೆ ಬರವಿಲ್ಲ. ಬೆಳಿಗ್ಗೆ ಎದ್ದು ಮುಖ ತೊಳೆಯುವಷ್ಟರಲ್ಲಿ ಒಂದು ಬಂದು ಬಾಗಿಲಲ್ಲಿ ನಿಂತಿರುತ್ತದೆ. ನಗುವವರು ಮಾತ್ರ ಬೇರೆಯವರು, ನನಗೆ ಬರುವುದು ಸಿಟ್ಟು. ಸಿಟ್ಟಿನಲ್ಲೇ ಬರೆಯುತ್ತಿದ್ದೇನೆ. ಓದುವವರು ಬೇಕಾದರೆ ನಗಲಿ.

ನಮ್ಮ ಮನೆ ಶಿಗ್ಗಾವಿಯಲ್ಲಿ. ಮಗನಿಗೆ ಬೀಜ-ಗೊಬ್ಬರದ ಅಂಗಡಿ. ನಾನು ಧಾರವಾಡದಲ್ಲಿ ಬಿ.ಎ. ಮುಗಿಸಿ ಈ ಮನೆಗೆ ಬಂದವಳು. ಯಜಮಾನರು ತೀರಿಕೊಂಡ ಮೇಲೆ ಹೊಲ, ಮನೆ, ಮಕ್ಕಳ ಮದುವೆ ಎಲ್ಲವೂ ನನ್ನ ಕೈಯಲ್ಲೇ ನಡೆದವು. ಯಾವ ಎಮ್ಮೆ ಯಾವಾಗ ಈದಿತು, ಯಾವ ಹೊಲಕ್ಕೆ ಯಾವ ಬೀಜ ಬಿತ್ತು, ಎಲ್ಲವನ್ನೂ ತಾರೀಖು ಹಾಕಿ ಬರೆದಿಡುವುದು ನನ್ನ ರೂಢಿ. ಆಗ ಊರವರು ಅದನ್ನು ಶಿಸ್ತು ಎನ್ನುತ್ತಿದ್ದರು. ಈಗಲೂ ಅದೇ ಕೈ, ಅದೇ ಅಕ್ಷರ. ಆದರೆ ನೋಡಿದವರು "ಪಾಪ, ತಲ್ಯಾಗ ಏನೂ ನಿಲ್ಲಂಗಿಲ್ಲಲ್ಲ, ಅದಕ್ಕ ಬರಕೊಳ್ಳಾಕತ್ತಾರ" ಎನ್ನುತ್ತಾರೆ.

ಮರೆವು ಸುಳ್ಳಲ್ಲ. ಒಂದೇ ಊಟದಲ್ಲಿ ಒಂದೇ ಸುದ್ದಿಯನ್ನು ಎರಡು ಸಲ ಹೇಳಿದ್ದುಂಟು. ದೇವರ ಮನೆಯ ಬಾಗಿಲಲ್ಲಿ, ಯಾಕೆ ಬಂದೆ ಎಂದು ತಿಳಿಯದೆ ನಿಂತದ್ದೂ ಉಂಟು. ಹುಬ್ಬಳ್ಳಿಯ ಡಾಕ್ಟರು ಪರೀಕ್ಷೆ ಮಾಡಿ ಹೇಳಿದರು: ಇದು ವಯಸ್ಸಿಗೆ ತಕ್ಕ ಮರೆವಿಗಿಂತ ತುಸು ಹೆಚ್ಚು, ಬುದ್ಧಿಯೇ ಕೈಬಿಡುವ ಕಾಯಿಲೆಗಿಂತ ಬಹಳ ಕಡಿಮೆ. ಕೆಲವರಿಗೆ ಇಷ್ಟಕ್ಕೇ ನಿಲ್ಲುತ್ತದೆ, ಕೆಲವರಿಗೆ ಸುಧಾರಿಸುತ್ತದೆ, ಕೆಲವರಿಗೆ ಮುಂದೆ ಹೆಚ್ಚಾಗುತ್ತದೆ. ಆ ಕೊನೆಯ ಮಾತೊಂದನ್ನು ನಾನು ಯಾವ ದಿನವೂ ಮರೆತಿಲ್ಲ.

ಅದೇ ದಿನ ಮಗ ಮನೆಯಲ್ಲಿ ಒಂದು ಕಾಯಿದೆ ಮಾಡಿದ. ನಾನು ತಿಂಗಳಿಗೊಮ್ಮೆ ಬಸ್ಸಿನಲ್ಲಿ ಒಬ್ಬಳೇ ಹಿರೇಕೆರೂರಿಗೆ ತಂಗಿಯ ಮನೆಗೆ ಹೋಗಿ ಬರುತ್ತಿದ್ದೆ. ಅದು ಬಂದ್.

"ಇನ್ನ ಮ್ಯಾಲ ಒಬ್ಬಾಕಿ ಎಲ್ಲೂ ಹೋಗೂದ ಬ್ಯಾಡವ್ವಾ."

ತಂಗಿಗೆ ಮೊಣಕಾಲು ನೋವು, ಅವಳು ಇಲ್ಲಿಗೆ ಬರಲಾರಳು. ನನ್ನ ಬಾಲ್ಯ ಗೊತ್ತಿರುವವರು ಈ ಭೂಮಿಯ ಮೇಲೆ ಅವಳೊಬ್ಬಳೇ ಉಳಿದಿದ್ದಾಳೆ. ಮುಂದಿನದೆಲ್ಲ ಆ ಬಸ್ಸಿಗಾಗಿ ನಡೆದ ಜಗಳ.

ಸಮಾಧಾನದ ಇಂಜೆಕ್ಷನ್

ಡಾಕ್ಟರು ಹೇಳಿದ್ದು ನೇರವಾಗಿತ್ತು. "ದಿನಾ ಬಿರುಸಾಗಿ ನಡೀರಿ ಅಮ್ಮಾರ. ಕೈಗೂ ತಲಿಗೂ ಕೆಲಸ ಕೊಡ್ರಿ. ಹೊಸದೇನರ ಕಲೀರಿ. ಮಂದಿ ಜೋಡಿ ಮಾತಾಡ್ರಿ, ಊರಿಂದ ಊರಿಗೆ ಅಡ್ಡಾಡ್ರಿ. ಕಿವಿ, ಕಣ್ಣು ತಪಾಸ ಮಾಡಿಸ್ರಿ, ಬಿ.ಪಿ. ಹತೋಟಿಯಾಗ ಇಡ್ರಿ, ಚಲೋ ನಿದ್ದಿ ಮಾಡ್ರಿ. ಇದಕ್ಕ ಗುಳಿಗಿ ಇಲ್ಲರಿ."

ಮಗನ ಮುಖ ನೋಡಬೇಕಿತ್ತು. ಬೆಳೆಗೆ ಹುಳ ಬಿತ್ತೆಂದು ಬಂದವರನ್ನು ಔಷಧವಿಲ್ಲದೆ ಕಳಿಸಿದವನಲ್ಲ ಅವನು.

"ಒಂದ ಟಾನಿಕ್ಕೂ ಇಲ್ಲೇನ್ರಿ?"

"ಇಲ್ಲ."

"ಅಷ್ಟು ದೂರದಿಂದ ಬಂದೇವ್ರಿ ಸರ. ಒಂದ ಇಂಜೆಕ್ಷನ್ನರ ಹಾಕಿಬಿಡ್ರಿ, ನಮ್ಮ ಸಮಾಧಾನಕ್ಕ."

ಡಾಕ್ಟರು ಕನ್ನಡಕ ಸರಿಮಾಡಿಕೊಂಡರು. "ಸಮಾಧಾನ ನಿಮಗ ಬೇಕಾಗೇತಿ ಅಂದ್ರ ನೀವ ಆ ಮಂಚದ ಮ್ಯಾಲ ಮಕ್ಕೋರಿ. ಅಮ್ಮಾರು ಹೊರಗ ಕುಂದರ್ತಾರ."

ಸುತ್ತಿಗೆ

ಕೆಲಸ ಕೊಡಿ ಎಂದು ಡಾಕ್ಟರು ಹೇಳಿದ್ದನ್ನು ಸೊಸೆಯೂ ಕೇಳಿಸಿಕೊಂಡಿದ್ದಳು. ಮನೆಗೆ ಬಂದವಳೇ ಇದ್ದ ಕೆಲಸವನ್ನೆಲ್ಲ ಕಸಿದುಕೊಂಡಳು. ಕಾಳು ಆರಿಸಲು ಕುಳಿತರೆ "ಬ್ಯಾಡ್ರಿ ಅತ್ತಿ, ನೀವು ಕುಂದರ್ರಿ." ರೊಟ್ಟಿ ಬಡಿಯಲು ಎದ್ದರೆ "ಉರಿ ಹತ್ತತೈತ್ರಿ, ನೀವು ಕುಂದರ್ರಿ." ಕುಳಿತೇ ಇದ್ದವಳಿಗೂ "ಕುಂದರ್ರಿ" ಎನ್ನುವಷ್ಟು ಅದು ಅವಳ ಬಾಯಿಗೆ ಅಂಟಿತು. ಒಳ್ಳೆಯ ಹುಡುಗಿ, ಕೆಟ್ಟ ಮನಸ್ಸಿನವಳಲ್ಲ. ಆದರೆ ಒಳ್ಳೆಯ ಮನಸ್ಸಿನವರು ಮೂಲೆಗೆ ಕೂರಿಸಿದರೂ ಮೂಲೆ ಮೂಲೆಯೇ.

ತಲೆಗೆ ಕೆಲಸವೆಂದು ಅವಳು ಮಕ್ಕಳ ಅಭ್ಯಾಸದ ಪುಸ್ತಕವೊಂದನ್ನು ತಂದುಕೊಟ್ಟಳು. ಚಿತ್ರಗಳನ್ನು ಗೆರೆ ಎಳೆದು ಜೋಡಿಸಬೇಕು. ಷೇಕ್ಸ್‌ಪಿಯರ್ ಓದಿ ಪಾಸಾದವಳ ಮುಂದೆ ಒಂದು ಕಡೆ ರೈತ, ಕುಂಬಾರ, ಕಮ್ಮಾರ, ಅಜ್ಜಿ. ಇನ್ನೊಂದು ಕಡೆ ತಿಗರಿ, ನೇಗಿಲು, ಆರಾಮ ಕುರ್ಚಿ, ಸುತ್ತಿಗೆ. ನಾನು ರೈತನಿಗೆ ನೇಗಿಲು ಕೊಟ್ಟೆ, ಕುಂಬಾರನಿಗೆ ತಿಗರಿ ಕೊಟ್ಟೆ, ಕಮ್ಮಾರನನ್ನು ಆರಾಮ ಕುರ್ಚಿಯಲ್ಲಿ ಕೂರಿಸಿದೆ. ಅಜ್ಜಿಯಿಂದ ಸುತ್ತಿಗೆಗೆ ಒತ್ತಿ ಗೆರೆ ಎಳೆದೆ.

ಸೊಸೆ ನೋಡಿ ಮೆಲ್ಲಗೆ, "ಇದೊಂದ ತಪ್ಪಾತ್ರಿ ಅತ್ತಿ" ಎಂದಳು.

"ತಪ್ಪಿಲ್ಲ. ಆಕಿಗೆ ಅದ ಬೇಕಾಗೇತಿ."

ಮರುದಿನ ಬೆಳಿಗ್ಗೆ ರೊಟ್ಟಿಯ ಹಿಟ್ಟು ತಾನಾಗಿಯೇ ನನ್ನ ಮುಂದೆ ಬಂದು ಕುಳಿತಿತು.

ನಾ ಯಾರು ಹೇಳ್ರಿ

ಸುದ್ದಿ ಓಣಿಗೆ ಮುಟ್ಟಿತು. ಬಂದವರೆಲ್ಲ ಪರೀಕ್ಷಕರಾದರು. ಒಬ್ಬರು ಇವತ್ತು ಯಾವ ವಾರ ಎನ್ನುವರು. ಇನ್ನೊಬ್ಬರು ನಿನ್ನೆ ಏನು ಉಂಡಿರಿ ಎನ್ನುವರು. ತಮ್ಮ ಮನೆಯಲ್ಲಿ ನಿನ್ನೆ ಏನು ಉಂಡರೆಂದು ತಿರುಗಿ ಕೇಳಿದರೆ ಮುಖ ಮುಖ ನೋಡುವರು.

ಪಕ್ಕದ ಮನೆಯವಳಂತೂ ಒಳಗೆ ಬಂದು, ನನ್ನ ಮುಖದ ಹತ್ತಿರ ತನ್ನ ಮುಖ ತಂದು, ಕೂಸನ್ನು ಮಾತಾಡಿಸುವ ಧ್ವನಿಯಲ್ಲಿ ಕೇಳಿದಳು: "ಅಕ್ಕಾರ, ನಾ ಯಾರು ಹೇಳ್ರಿ ನೋಡೂಣು?"

"ಹ್ವಾದ ಯುಗಾದಿಗೆ ನಮ್ಮ ಶಾವಿಗಿ ಮಣಿ ಒಯ್ದಾಕಿ. ಹೆಸರ ಆಮ್ಯಾಲ ಹೇಳತೇನಿ, ಮೊದಲ ಮಣಿ ತಗೊಂಬಾ."

ಅವಳು ಚಹಾಕ್ಕೂ ನಿಲ್ಲಲಿಲ್ಲ. ನನಗೆ ಯಾವುದು ಮರೆತಿದೆ, ಯಾವುದು ಮರೆತಿಲ್ಲ ಎಂಬ ಅನುಮಾನ ಓಣಿಯಲ್ಲಿ ಹಬ್ಬಿರಬೇಕು. ಆ ವಾರದಲ್ಲಿ ಶಾವಿಗೆ ಮಣೆ ಬಂತು, ಜರಡಿ ಬಂತು, ಹಿತ್ತಾಳೆಯ ಪರಾತ ಬಂತು, ಒಂದು ಏಣಿಯೂ ಬಂದು ಗೋಡೆಗೆ ಒರಗಿತು.

ಏಣಿ ನಮ್ಮದಲ್ಲ.

ಬಿರುಸು ನಡಿಗೆ

ನಡೆಯಿರಿ ಎಂದರಲ್ಲ, ಬೆಳಿಗ್ಗೆ ರಸ್ತೆಗೆ ಇಳಿದೆ. ಹತ್ತು ಮಾರು ಹೋಗುವುದರೊಳಗೆ ಬೈಕ್ ಬಂದು ನಿಂತಿತು. "ಎಲ್ಲಿಗೆ ಹೊಂಟೀರಿ ಅಮ್ಮಾರ? ಹತ್ತರಿ, ಮನಿಗೆ ಬಿಡತೇನಿ." ಮನೆಯಿಂದಲೇ ಬಂದೆ ಎಂದರೆ ನಂಬಿದವರಿಲ್ಲ. ದಾರಿ ತಪ್ಪಿದವರೂ ಹಾಗೆಯೇ ಹೇಳುತ್ತಾರಂತೆ. ಬಿರುಸಾಗಿ ನಡೆದರೆ ಓಡಿಹೋಗುತ್ತಿದ್ದೇನೆಂದು ಮಗನ ಅಂಗಡಿಗೆ ಫೋನು, ನಿಧಾನ ನಡೆದರೆ ಕಂಗಾಲಾಗಿದ್ದೇನೆಂದು ಫೋನು. ಒಬ್ಬ ಹಾಲಿನವನು ಕ್ಯಾನುಗಳ ನಡುವೆ ಕೂರಿಸಿಕೊಂಡು ತಂದೇ ಬಿಟ್ಟ.

ಕಡೆಗೆ ಸೊಸೆಯನ್ನು ಜೊತೆ ಮಾಡಿಕೊಂಡು ಗೊಟಗೋಡಿಯ ಶಿಲ್ಪಗಳ ತೋಟಕ್ಕೆ ಹೋದೆ. ಅಲ್ಲಿ ಮನಸ್ಸು ತಣಿಯುವಷ್ಟು ನಡೆದೆ. ದಾರಿಯುದ್ದಕ್ಕೂ ರೈತರು, ದನ ಕಾಯುವವರು, ಪಂಚಾಯಿತಿ ಹಿರಿಯರು ನಿಂತೇ ಇದ್ದರು. ಒಬ್ಬರೂ ಮನೆಗೆ ಬಿಡುತ್ತೇನೆ ಎನ್ನಲಿಲ್ಲ. ಮನುಷ್ಯರು ಎಂದರೆ ಹಾಗಿರಬೇಕು, ಸಿಮೆಂಟಿನವರಾದರೂ ಚಿಂತೆಯಿಲ್ಲ.

ಹೇಳಾಕ ಬರಂಗಿಲ್ಲ

ಸವಣೂರಿನಲ್ಲಿ ಹಿರಿಯರ ನೆನಪು ಪರೀಕ್ಷಿಸುವ ಶಿಬಿರವೊಂದು ನಡೆಯಿತು. ನಮ್ಮ ಯಜಮಾನರ ಚಿಕ್ಕಮ್ಮ, ಹತ್ತಿಮತ್ತೂರಿನ ಚಿಗವ್ವನನ್ನು ಕರೆದುಕೊಂಡು ಹೋದೆ. ಮಗ ಕಾರಿನಲ್ಲಿ ಕರೆತಂದು ಕಾವಲುಗಾರನ ಹಾಗೆ ಹಿಂದೆ ನಿಂತಿದ್ದ. ಪ್ರಶ್ನೆ ಕೇಳುವ ಹುಡುಗಿ ಚುರುಕಾಗಿದ್ದಳು, ಆದರೆ ಈ ಕಡೆಯವಳಲ್ಲ.

"ಅಜ್ಜಿ, ನಿಮ್ಮ ಯಜಮಾನರ ಹೆಸರೇನು?"

ಚಿಗವ್ವ ಸೆರಗನ್ನು ಬಾಯಿಗೆ ಅಡ್ಡ ಹಿಡಿದು ನಕ್ಕಳು. ಹುಡುಗಿ ಜೋರಾಗಿ ಮತ್ತೆ ಕೇಳಿದಳು.

"ಹೇಳಾಕ ಬರಂಗಿಲ್ಲವ್ವಾ" ಎಂದಳು ಚಿಗವ್ವ.

ಹುಡುಗಿ "ಗಂಡನ ಹೆಸರು ಹೇಳಲು ಬರುವುದಿಲ್ಲ" ಎಂದು ಬರೆದು ಕೆಂಪು ಗೆರೆ ಎಳೆದಳು. ನಾನು ಮುಂದೆ ಬಂದೆ. ಮದುವೆಯಾದಂದಿನಿಂದ ಆ ಹೆಸರನ್ನು ಬರಿಬಾಯಲ್ಲಿ ಅನ್ನದೆ ಕಾಪಾಡಿಕೊಂಡು ಬಂದವಳನ್ನು, ಹೆಸರೇ ಮರೆತವಳೆಂದು ಬರೆದರೆ?

"ತಂಗಿ, ಆಕಿಗೆ ಬರಂಗಿಲ್ಲ ಅಂತ ಅಲ್ಲ, ಹಂಗ ಹೇಳಬಾರದು ಅಂತ. ಒಡಪು ಹಾಕಿ, ಪದದಾಗ ಸೇರಿಸಿ ಹೇಳು ಅನ್ನು, ಹೇಳತಾಳ."

ಹುಡುಗಿ ಹಾಗೆಯೇ ಕೇಳಿದಳು. ಚಿಗವ್ವ ಮೈ ನೆಟ್ಟಗೆ ಮಾಡಿ ಕುಳಿತು, ಒಂದೇ ಉಸಿರಿನಲ್ಲಿ ಹಾಕಿದಳು:

"ಹತ್ತಿಮತ್ತೂರ ಹೊಲದಾಗ ಹತ್ತಿ ಬಿಡಿಸೇನಿ, ಯಲವಿಗಿ ಟೇಶನ್ನಾಗ ರೈಲು ಹತ್ತೇನಿ, ಸವಣೂರ ಎಲಿಗೆ ಸುಣ್ಣಾ ಹಚ್ಚೇನಿ, ಫಕ್ಕೀರಪ್ಪನವರು ಕರದರ ಓಗೊಡತೇನಿ."

ಸಾಲಿನಲ್ಲಿ ಕುಳಿತಿದ್ದ ಹೆಂಗಸರೆಲ್ಲ ನಕ್ಕು ಚಪ್ಪಾಳೆ ಹೊಡೆದರು. ಹುಡುಗಿ ಪೆನ್ನು ಹಿಡಿದೇ ಕುಳಿತಿದ್ದಳು. "ಇನ್ನೊಮ್ಮೆ ಹೇಳಿ ಅಜ್ಜಿ. ಮೊದಲು ಎಲ್ಲಿಗೆ ಹೋದಿರಿ? ರೈಲಿಗಿಂತ ಮುಂಚೆ ಏನಿತ್ತು?"

ಚಿಗವ್ವ ನನ್ನ ಕಿವಿಯ ಹತ್ತಿರ ಬಾಗಿದಳು. "ಪಾಪ, ಸಣ್ಣ ವಯಸ್ಸು. ಈಕಿಗೂ ಸುರು ಆಗೇತಿ ನೋಡು."

ಹಿರೇಕೆರೂರಿನ ಬಸ್ಸು

ತಂಗಿಯ ಮುಖ ನೋಡದೆ ಮಳೆಗಾಲ ಕಳೆಯಿತು. ಅವಳು ಫೋನಿನಲ್ಲಿ ಅತ್ತಳು. ನಾನು ಮಗನಿಗೆ ಹೇಳಿದೆ: "ಡಾಕ್ಟರು ಕೊಟ್ಟ ಔಷಧನ ಅಡ್ಡಾಡೂದು. ನೀ ಅದನ್ನ ಕೀಲಿ ಹಾಕಿ ಇಟ್ಟೀಯಲ್ಲೋ."

ಅವನು ಬಹಳ ಯೋಚಿಸಿ, ಒಂದು ಸಲ ತಾನೇ ಜೊತೆಗೆ ಬರುವುದಾಗಿಯೂ, ನಾನು ದಾರಿಯಲ್ಲಿ ಹೇಗಿರುತ್ತೇನೆಂದು ನೋಡಿ ಮುಂದಿನದನ್ನು ತೀರ್ಮಾನಿಸುವುದಾಗಿಯೂ ಹೇಳಿದ. ಹೊರಡುವಾಗ ನನ್ನ ಆಧಾರ್ ಕಾರ್ಡು, ಪರ್ಸು, ಮೊಬೈಲು ಮೂರನ್ನೂ ತನ್ನ ಚೀಲಕ್ಕೆ ಹಾಕಿಕೊಂಡ. "ನನ್ನ ಕಡೆ ಇರಲಿ, ನೀ ಕಳೀತಿ." ಆಮೇಲೆ ನನ್ನ ಕೊರಳಿಗೆ ಒಂದು ಚೀಟಿ ನೇತುಹಾಕಿದ: 'ಇವರಿಗೆ ಮರೆವು ಇದೆ. ಒಬ್ಬರೇ ಕಂಡರೆ ಈ ನಂಬರಿಗೆ ಫೋನ್ ಮಾಡಿ.' ಅಂಗಡಿಯ ಗೊಬ್ಬರದ ಚೀಲಕ್ಕೂ ಅವನು ಹಾಗೆ ಚೀಟಿ ಕಟ್ಟುವುದಿಲ್ಲ. ಬಸ್ಸು ತಪ್ಪುತ್ತದೆಂದು ನಾನು ಅದನ್ನು ಹಾಕಿಕೊಂಡೇ ಹೊರಟೆ.

ಹಾನಗಲ್ಲಿನಲ್ಲಿ ಇಳಿದು ಹಿರೇಕೆರೂರಿನ ಬಸ್ಸು ಹತ್ತಿದೆವು. ನನ್ನನ್ನು ಕಿಟಕಿಯ ಪಕ್ಕ ಕೂರಿಸಿ, "ಅಳ್ಳಾಡಬ್ಯಾಡ, ಮಿರ್ಚಿ ಬಜಿ ತರತೇನಿ" ಎಂದು ಇಳಿದ. ಅಂಗಡಿಯಿಂದ ಫೋನು ಬಂದಿರಬೇಕು, ಕಿವಿಗೆ ಮೊಬೈಲು ಹಚ್ಚಿ ಜಗಳವಾಡುತ್ತ ಹೋಗುವುದು ಕಂಡಿತು. ಬಸ್ಸು ತುಂಬಿತು, ಹೊರಟಿತು. ಗದ್ದಲದಲ್ಲಿ ಹಿಂದೆಲ್ಲೋ ನಿಂತಿರಬೇಕು ಎಂದುಕೊಂಡೆ.

ಕಂಡಕ್ಟರ್ ಬಂದು ಆಧಾರ್ ಕೇಳಿದ. ಮಗನ ಹತ್ತಿರ ಇದೆ ಎಂದೆ. ಅವನು ಹಿಂದಿನವರೆಗೂ ಕೂಗಿ ನೋಡಿದ, ಯಾರೂ ಓಗೊಡಲಿಲ್ಲ. ಆಗ ನನ್ನ ಕೊರಳ ಚೀಟಿ ಓದಿದ. ಓದಿದ ಮೇಲೆ ಅವನ ಧ್ವನಿಯೇ ಮೆತ್ತಗಾಯಿತು. "ಗಾಬರಿ ಆಗಬ್ಯಾಡ್ರಿ ಅಜ್ಜಿ" ಎಂದು ತನ್ನ ಮೊಬೈಲಿನಿಂದ ಆ ನಂಬರಿಗೆ ಫೋನು ಹಚ್ಚಿದ. ಬಸ್ಸಿನ ಸದ್ದಿಗೆ ಕೇಳಲೆಂದು ಸ್ಪೀಕರ್ ಹಾಕಿದ.

"ನಮಸ್ಕಾರ್ರಿ. ನಿಮ್ಮ ತಾಯಿಯವರು ಹಿರೇಕೆರೂರ ಬಸ್ಸಿನಾಗ ಒಬ್ಬರ ಅದಾರ್ರಿ."

"ರಾಂಗ್ ನಂಬರ್ ಇರಬೇಕ್ರಿ" ಎಂದಿತು ನನ್ನ ಮಗನ ಧ್ವನಿ. "ನಮ್ಮವ್ವ ನನ್ನ ಮಗ್ಗಲಕ್ಕ ಕುಂತಾಳ. ಮಿರ್ಚಿ ತಿನ್ನಾಕತ್ತಾಳ."

ನಾನು ಕಂಡಕ್ಟರನ ಕೈಯಿಂದ ಫೋನು ತೆಗೆದುಕೊಂಡೆ. "ಆಕಿ ಮಾರಿ ನೋಡು."

ತಿರುಗಿ ನೋಡಿರಬೇಕು. ಆಮೇಲೆ, "ಅವ್ವಾ... ನಾ ಹತ್ತಿದಾಗ ಈಕಿ ಸೆರಗ ಹೊದ್ದ ಮಕ್ಕೊಂಡಿದ್ಳು, ಮಾರಿ ನೋಡದ ಮಿರ್ಚಿ ಕೊಟ್ಟೆ. ಸೀರಿ ನಿನ್ನದರಂಗನ ಐತಿ."

"ಯಾವ ಬಸ್ಸೋ ಅದು?"

ಅವನು ಯಾರನ್ನೋ ಕೇಳಿದ. "ಶಿರಸಿದಂತ."

"ಮುಂದಿನ ಸ್ಟಾಪಿಗೆ ಇಳದು ಮನಿಗೆ ಹೋಗು. ನಾ ತಂಗಿ ಮನಿಗೆ ಹೋಗಿ ನಾಳೆ ಬರತೇನಿ."

"ಒಬ್ಬಾಕೀನ? ರೊಕ್ಕ, ಆಧಾರ್ ಎಲ್ಲಾ ನನ್ನ ಕಡೆ ಅದಾವು."

"ನನ್ನ ಸೆರಗಿನ ತುದಿಯಾಗ ನೋಟು ಐತಿ. ಅದು ಯಾವತ್ತೂ ಇರತೈತಿ, ನೀ ಕೇಳಿಲ್ಲ. ಒಬ್ಬಾಕೀನ ಹೊಂಟೇನಿ. ಮುಂದಿನ ತಿಂಗಳೂ ಒಬ್ಬಾಕೀನ ಹೋಗತೇನಿ. ಆತಿಲ್ಲೋ?"

"ಆತವ್ವಾ" ಎಂದ. ಫೋನು ಇಡುವುದರೊಳಗೆ ಅವನ ಪಕ್ಕದಿಂದ ಹೆಣ್ಣುಧ್ವನಿಯೊಂದು ಸ್ಪಷ್ಟವಾಗಿ ಕೇಳಿತು.

"ತಮ್ಮಾ, ಮಾತು ಆಮ್ಯಾಲ ಆಡೀಯಂತ. ಪೊಟ್ಣದಾಗ ಇನ್ನೊಂದ ಮಿರ್ಚಿ ಐತೇನು ನೋಡು."