ಆದಪ್ಪನ ಕೈಯ ಕರ್ಚಿಕಾಯಿ

“ಎಕರೆಗೆ ಎಷ್ಟು ಗೊಬ್ಬರ, ಎಷ್ಟು ಔಷಧ ಅಂತ ಸಿಂಧನೂರು ತಾಲ್ಲೂಕಿಗೆಲ್ಲ ಲೆಕ್ಕ ಹೇಳೋ ಮನಷ್ಯಾ ನಾ! ಒಂದು ಸೇರು ಹಿಟ್ಟಿಗೆ ಎಷ್ಟು ಸಕ್ಕರಿ ಅಂಬೋದು ನನಗ ಗೊತ್ತಾಗಂಗಿಲ್ಲೇನು? ನೀ ಸುಮ್ಮನ ಕೈ ಕಟ್ಟಿಕೊಂಡು ಕೂಡು!”

“ನನ್ನ ಕೈ ಡಾಕ್ಟರು ಆಗಲೇ ಕಟ್ಟ್ಯಾರ ಬಿಡ್ರಿ” ಎಂದಳು ಕನಕಮ್ಮ.

ಗರ್ಜಿಸಿದವನು ಅವಳ ಗಂಡ ಆದಪ್ಪ. ಸಿಂಧನೂರಿನ ಬೀಜ-ಗೊಬ್ಬರದ ಅಂಗಡಿಯೊಂದರಲ್ಲಿ ಗುಮಾಸ್ತ, ಚರ್ಚಿನ ಹಿರಿಯರಲ್ಲಿ ಒಬ್ಬ, ಹುಟ್ಟಿದಾಗಿನಿಂದ ಒಂದು ತೊಟ್ಟು ಕುಡಿಯದವನು. ಅವನ ಹೆಸರು ಆದಾಮನಿಗೆ ಹತ್ತಿರವಾಗಿದ್ದರಿಂದ ಅದನ್ನು ಬದಲಿಸುವ ಗೋಜಿಗೆ ಯಾವ ಪಾಸ್ಟರೂ ಹೋಗಿರಲಿಲ್ಲ. ಕ್ರಿಸ್‌ಮಸ್ ಎಂದರೆ ಅವನಿಗೆ ನಾಲ್ಕೇ ನಾಲ್ಕು: ಮಾಳಿಗೆಯ ಮೇಲೆ ಬಣ್ಣದ ಕಾಗದದ ನಕ್ಷತ್ರ, ಹಾರ್ಮೋನಿಯಂ ಜೊತೆ ಹೆಂಡತಿಯ ಹಾಡು, ಟಾಕೀಸಿನಲ್ಲಿ ಮಧ್ಯಾಹ್ನದ ಆಟ, ಮತ್ತು ಅವಳ ಕೈಯ ಕರ್ಚಿಕಾಯಿ. ಈ ನಾಲ್ಕರಲ್ಲಿ ಒಂದು ತಪ್ಪಿದರೂ ಅದು ಹಬ್ಬವಲ್ಲ, ಬರೀ ಸೋಮವಾರ. ಆ ವರ್ಷ, ಸಾವಿರದ ಒಂಬೈನೂರ ಎಂಬತ್ತೊಂಬತ್ತರಲ್ಲಿ, ಹಬ್ಬ ಸೋಮವಾರವೇ ಬಂದಿತ್ತು. ಹಬ್ಬಕ್ಕೆ ಹತ್ತು ದಿನ ಮೊದಲು ಕನಕಮ್ಮ ನಲ್ಲಿಯ ಹತ್ತಿರ ಜಾರಿ ಬಿದ್ದು ಬಲಗೈ ಮುರಿದುಕೊಂಡಿದ್ದಳು.

“ಈ ವರ್ಷ ಬಿಟ್ಟುಬಿಡ್ರಿ. ಬೇಕರಿ ಕೇಕ್ ಹಂಚಿದ್ರ ಆತು.”

“ಬೇಕರಿ ಕೇಕ್ ಯಾವನಾದ್ರೂ ಹಂಚ್ತಾನ. ನೀ ಹಾಡಿನ ಪ್ರಾಕ್ಟೀಸಿಗೆ ಹೋಗು. ಅಡಿಗಿಮನಿ ಹೊಸ್ತಿಲ ದಾಟಿದಿ ಅಂದ್ರ ನೋಡು ಮತ್ತ!”

ಇಬ್ಬರು ಹೆಣ್ಣುಮಕ್ಕಳು ರಜೆಗೆ ಲಿಂಗಸುಗೂರಿನ ಅಜ್ಜಿಯ ಮನೆಗೆ ಹೋಗಿದ್ದರು. ಭಾನುವಾರ ಮಧ್ಯಾಹ್ನ ಮನೆಯಲ್ಲಿ ಉಳಿದದ್ದು ಆದಪ್ಪ, ಸೀಮೆಎಣ್ಣೆಯ ಸ್ಟೋವು ಮತ್ತು ಅವನ ಆತ್ಮವಿಶ್ವಾಸ. ಕೊಬ್ಬರಿ ತುರಿದ, ಬೆರಳೂ ಸ್ವಲ್ಪ ತುರಿದುಕೊಂಡ. ಪುಠಾಣಿ ಕಡಲೆ ಕುಟ್ಟಿದ, ಗಸಗಸೆ ಹುರಿದ, ಹಿಟ್ಟು ನಾದಿದ. ಮೊದಲ ನಲವತ್ತು ಕರ್ಚಿಕಾಯಿ ಕಡಾಯಿಯಿಂದ ಎದ್ದಾಗ ಒಂದನ್ನು ಬಾಯಿಗೆ ಹಾಕಿಕೊಂಡು, “ಭಲೇ ಆದಪ್ಪ!” ಎಂದು ತನ್ನ ಬೆನ್ನು ತಾನೇ ತಟ್ಟಿಕೊಂಡ.

ಇನ್ನೂ ಇಪ್ಪತ್ತಕ್ಕಾಗುವಷ್ಟು ಹಿಟ್ಟು ಉಳಿದಿತ್ತು, ಸಕ್ಕರೆ ಪುಡಿ ಮುಗಿದಿತ್ತು. ಹುಡುಕಿದ. ಮೇಲಿನ ಗೂಡಿನಲ್ಲಿ ಹಳೆಯ ಹಾಲಿನ ಪುಡಿಯ ಡಬ್ಬಿಯೊಂದು ಸಿಕ್ಕಿತು. ಮುಚ್ಚಳ ತೆಗೆದರೆ ಬಿಳಿಯ, ನುಣುಪಾದ ಪುಡಿ. ಹೆಂಡತಿ ಎಷ್ಟು ಜಾಣೆ, ಸಕ್ಕರೆ ಬೀಸಿ ಮಕ್ಕಳ ಕೈಗೆ ಸಿಗದಂತೆ ಇಟ್ಟಿದ್ದಾಳೆ ಎಂದುಕೊಂಡ. ಭತ್ತದ ಸುಗ್ಗಿಯ ಧೂಳಿಗೆ ನೆಗಡಿಯಾಗಿ ನಾಲ್ಕು ದಿನದಿಂದ ಮೂಗು ಕಟ್ಟಿತ್ತು. ವಾಸನೆ ಹತ್ತಲಿಲ್ಲ. ಆ ಪುಡಿ ಬೆರೆಸಿ ಉಳಿದ ಇಪ್ಪತ್ತನ್ನೂ ಕರಿದು, ಎಲ್ಲವನ್ನೂ ಒಂದೇ ಬುಟ್ಟಿಗೆ ಸುರಿದ.

ಮರುದಿನ ಬೆಳಿಗ್ಗೆ ಆರಾಧನೆ ಮುಗಿಯುತ್ತಲೇ ಕನಕಮ್ಮ ಹೆಂಗಸರ ಸಂಘದ ಕೇಕ್ ಕತ್ತರಿಸುವ ಕಾರ್ಯಕ್ರಮಕ್ಕೆ ಚರ್ಚಿನಲ್ಲೇ ಉಳಿದಳು. ಆದಪ್ಪ ಮನೆಗೆ ಬಂದು, ನಾಲ್ಕು ತಾಟುಗಳಲ್ಲಿ ಎಂಟೆಂಟು ಕರ್ಚಿಕಾಯಿ ಜೋಡಿಸಿ, ಕಸೂತಿ ಬಟ್ಟೆ ಮುಚ್ಚಿ, ರಾಜಠೀವಿಯಿಂದ ಹೊರಟ. ಪಕ್ಕದ ಮನೆಯ ಬಳೆಗಾರ್ತಿ ಖಾಸಿಂಬೀಗೆ ಒಂದು, ಎದುರಿನ ಪಂಪಣ್ಣ ಮಾಸ್ತರರಿಗೆ ಒಂದು, ಟೆಂಪೋ ಓಡಿಸುವ ರಹಮಾನಸಾಬನಿಗೆ ಒಂದು, ಅಂಗಡಿ ಮಾಲಕ ವೆಂಕೋಬಶೆಟ್ಟರಿಗೆ ಒಂದು. ಎಲ್ಲ ಕಡೆಯೂ ಒಂದೇ ಮಾತು: “ಈ ಸಲ ನನ್ನ ಕೈಲೇ ಮಾಡೀನಿ!”

ಕನಕಮ್ಮ ಮನೆಗೆ ಬಂದದ್ದು ಹನ್ನೆರಡೂವರೆಗೆ. ಆದಪ್ಪ ಬುಟ್ಟಿಯನ್ನು ಮುಂದೆ ಹಿಡಿದು ಹೊಗಳಿಕೆಗೆ ಕಾದು ನಿಂತ. ಅವಳ ಕಣ್ಣು ಬುಟ್ಟಿಯ ಮೇಲಿರಲಿಲ್ಲ.

“ಈ ಡಬ್ಬಿ ಕೆಳಗ ಯಾಕ ಬಂತ್ರಿ?”

“ಸಕ್ಕರಿ ಸಾಲಲಿಲ್ಲ. ಇದರಾಗಿಂದು ಹಾಕಿದೆ.”

ಕನಕಮ್ಮ ಅಲ್ಲೇ ಗೋಡೆಗೆ ಒರಗಿದಳು. “ಸಕ್ಕರಿ ಎಲ್ಲೀದ್ರೀ! ಇರುವಿಗಿ ಹಾಕೋ ಔಷಧ ಅದು! ಮೂರು ತಿಂಗಳ ಹಿಂದ ನೀವೇ ಅಂಗಡಿಯಿಂದ ತಂದು, ನಿಮ್ಮ ಕೈಯಾರ ಆ ಡಬ್ಬಿಗಿ ಸುರುವಿದ್ದಿಲ್ಲೇನು?”

ಡಬ್ಬಿಗೆ ಚೀಟಿ ಅಂಟಿಸಿ, ಬೀಗ ಹಾಕಿ ಇಡಿ ಎಂದು ಜವಳಗೇರಾದ ರೈತರಿಗೆ ದಿನಕ್ಕೆ ಹತ್ತು ಸಲ ಹೇಳುವವನು ಡಬ್ಬಿಯನ್ನು ಸುತ್ತಲೂ ತಿರುಗಿಸಿ ನೋಡಿದ, ಎಲ್ಲೂ ಚೀಟಿ ಇರಲಿಲ್ಲ.

“ಆ ಆದಾಮ ಹೆಂಡ್ತಿ ಕೊಟ್ಟಿದ್ದು ತಿಂದು ಕೆಟ್ಟ” ಎಂದಳು ಕನಕಮ್ಮ. “ನೀವು ನೀವೇ ಮಾಡಿ ಓಣಿಗೆಲ್ಲ ತಿನಿಸಿ ಕೆಟ್ರಿ. ನನ್ನ ಮಕ್ಕಳು ಮನ್ಯಾಗ ಇದ್ದಿದ್ರ... ಓಡ್ರಿ!”

ಓಡಿದ. ಖಾಸಿಂಬೀಯ ಬಾಗಿಲು ಮುಚ್ಚಿತ್ತು, ಒಳಗಿಂದ ನಮಾಜಿನ ಪಿಸುದನಿ ಕೇಳುತ್ತಿತ್ತು. ನಮಾಜು ಮಾಡುವಾಗ ಹೇಗೆ ಬಡಿಯುವುದು ಎಂದು ಒಂದು ಕ್ಷಣ ನಿಂತು ಮುಂದೆ ಓಡಿದ. ಅದನ್ನು ಅವನು ಮುಂದೆ ಎಷ್ಟೋ ವರ್ಷ ನೆನೆದು ನೆನೆದು ಸಂಕಟಪಟ್ಟ.

ಪಂಪಣ್ಣ ಮಾಸ್ತರರ ಮನೆಯಲ್ಲಿ ಎಲ್ಲರಿಗೂ ಸೋಮವಾರದ ಒಪ್ಪೊತ್ತು, ಸಂಜೆಯ ತನಕ ಉಪವಾಸ. ತಾಟು ಹಾಗೆಯೇ ಇತ್ತು. ಆದಪ್ಪ ಅದನ್ನು ಎತ್ತಿಕೊಂಡ.

“ಯಾಕೋ ಆದಪ್ಪ, ಕೊಟ್ಟಿದ್ದು ಒಯ್ಯಾಕತ್ತೀ?”

ನಿಜ ಹೇಳಲು ಬಾಯಿ ತೆರೆದ. ಬಂದದ್ದು ಬೇರೆ. “ನಮ್ಮ ಹಬ್ಬದಾಗ ಹಂಗ ಪದ್ಧತಿ ಐತ್ರಿ ಮಾಸ್ತರ. ಇದು ಬರೀ ತೋರಿಸೋ ತಾಟು. ಕೊಡೋ ತಾಟು ಹಿಂದಿಂದ ಬರ್ತೈತಿ!”

“ಇಪ್ಪತ್ತು ವರ್ಷ ಆತು, ಇಂಥ ಪದ್ಧತಿ ಕೇಳಿದ್ದಿಲ್ಲಲ್ಲೋ!” ಎಂಬ ಮಾತು ಅವನ ಬೆನ್ನಿಗೆ ಬಂತು.

ರಹಮಾನಸಾಬನ ಹೆಂಡತಿ ತಾಟನ್ನು ತಾನೇ ಎದುರಿಗೆ ತಂದಳು. “ಏನೋ ವಾಸನಿ ಬರಾಕತ್ತಿತ್ತಣ್ಣ, ಯಾರೂ ಮುಟ್ಟಿಲ್ಲ. ಮೊದಲನೇ ಸಲ ಮಾಡೀಯಂತ, ಹೆಂಗ ಹೇಳೋದು ಅಂತ ಸುಮ್ಮನಿದ್ವಿ.”

ಅಂಗಡಿಯಲ್ಲಿ ವೆಂಕೋಬಶೆಟ್ಟರು ಗಲ್ಲಾಪೆಟ್ಟಿಗೆಯ ಮುಂದೆ ಕುಳಿತು ಒಂದನ್ನು ಬಾಯಿಯ ತನಕ ಒಯ್ದಿದ್ದರು. ಆದಪ್ಪ ಹಾರಿ ಅವರ ಕೈಗೆ ಹೊಡೆದ. ಕರ್ಚಿಕಾಯಿ ಹಾರಿ ಬೀಜದ ಚೀಲಗಳ ನಡುವೆ ಬಿತ್ತು. ನಾಲ್ಕು ಜನ ರೈತರು ಬಾಯಿ ತೆರೆದು ನಿಂತರು.

“ಏನಲೇ ಆದಪ್ಪ, ಹಬ್ಬದ ದಿನ ಅಂತ ಕುಡುದು ಬಂದೀಯೇನು?”

ಅದೇ ಅಂಗಡಿಯ ಔಷಧವನ್ನು ಮಾಲಕರಿಗೇ ತಿನಿಸಲು ಹೊರಟಿದ್ದೆ ಎಂದು ಹೇಳುವುದಕ್ಕಿಂತ ಅದೇ ಸುಲಭವಾಗಿತ್ತು. “ಹೌದ್ರಿ ಧಣಿ” ಎಂದ ಚರ್ಚಿನ ಹಿರಿಯ. “ಭಾಳ ಕುಡದೀನಿ.” ತಾಟು ಎತ್ತಿಕೊಂಡು ಮತ್ತೆ ಓಡಿದ.

ಓಣಿಗೆ ತಿರುಗುತ್ತಲೇ ಜನ ಕಂಡರು. ಖಾಸಿಂಬೀಯ ಬಾಗಿಲು ತೆರೆದಿತ್ತು. ಕನಕಮ್ಮ ಒಂದೇ ಕೈಯಲ್ಲಿ ಮುದುಕಿಯ ತಲೆ ಹಿಡಿದು ಕುಳಿತಿದ್ದಳು. ಖಾಸಿಂಬೀ ವಾಂತಿ ಮಾಡಿಕೊಳ್ಳುತ್ತಿದ್ದಳು, ಕಾಲು ಸೆಟೆಯುತ್ತಿದ್ದವು. ತಾಟಿನಲ್ಲಿ ಆರು ಉಳಿದಿದ್ದವು.

“ಎರಡು ತಿಂದಾಳ್ರಿ” ಎಂದಳು ಕನಕಮ್ಮ. “ಡಬ್ಬಿ ತರ್ರಿ. ಡಾಕ್ಟರಿಗಿ ತೋರಿಸಬೇಕು. ಇನ್ನ ಸುಳ್ಳು ಹೇಳಬ್ಯಾಡ್ರಿ.”

ಪ್ರತಿ ಕ್ರಿಸ್‌ಮಸ್‌ಗೂ ಹಿಂದಿನ ದಿನ ಬಂದು ಕನಕಮ್ಮನ ಎರಡೂ ಕೈಗೆ ಹಸಿರು ಬಳೆ ಇಡುವ ಮುದುಕಿ ಅವಳು. ಈ ವರ್ಷ ಬಲಗೈಗೆ ಇಡಲು ಬರುವುದಿಲ್ಲವೆಂದು ಎಡಗೈಗೇ ಎರಡು ಡಜನ್ ಏರಿಸಿದ್ದಳು. ಅವಳನ್ನು ರಹಮಾನಸಾಬನ ಟೆಂಪೋದಲ್ಲಿ ಮಲಗಿಸುವಾಗ ಆದಪ್ಪನಿಗೆ ಅವಳ ಮೈ ಎಷ್ಟು ಹಗುರ ಎಂಬುದು ತಿಳಿಯಿತು.

ಆಸ್ಪತ್ರೆಯಲ್ಲಿ ಸಣ್ಣ ವಯಸ್ಸಿನ ಡಾಕ್ಟರಮ್ಮ ಡಬ್ಬಿ ಮೂಸಿ ನೋಡಿ ಹೌಹಾರಿದಳು. ನಳಿಗೆ ಹಾಕಿಸಿದಳು, ಹೊಟ್ಟೆ ತೊಳೆಸಿದಳು, ಸಲಾಯಿನ್ ಏರಿಸಿದಳು. ಆಮೇಲೆ ಹೊರಗೆ ಬಂದು, “ಇದನ್ನ ತಿಂಡಿಗೆ ಹಾಕಿದ್ಯಾರು?” ಎಂದಳು.

“ನಾನ್ರಿ” ಎಂದ ಆದಪ್ಪ. ಇಡೀ ವರಾಂಡ ಅವನತ್ತ ತಿರುಗಿತು.

“ಸಕ್ಕರೆ ಯಾವುದು, ವಿಷ ಯಾವುದು ಅಂತ ಗೊತ್ತಾಗಲ್ವಾ? ಏನು ಕೆಲಸ ಮಾಡ್ತೀರಿ ನೀವು?”

“ಔಷಧದ ಅಂಗಡ್ಯಾಗ ಗುಮಾಸ್ತ ಅದೀನ್ರಿ. ಯಾವುದು ವಿಷ ಅಂತ ರೈತರಿಗೆ ತಿಳಿಸಿ ಹೇಳೋದು ನನ್ನ ಕೆಲಸ್ರಿ.”

ಡಾಕ್ಟರಮ್ಮ ಒಳಗೆ ಹೋದಳು. “ಸಂಜಿತನ ಏನೂ ಹೇಳಾಕ ಬರಂಗಿಲ್ಲ” ಎಂದಳು ನರ್ಸ್.

ಎರಡೂವರೆಗೆ ಟಾಕೀಸಿನಲ್ಲಿ ಆಟ ಶುರುವಾಗಿರಬೇಕು. ಆದಪ್ಪ ಮಂಚದ ಪಕ್ಕದಲ್ಲಿ ಬಕೆಟ್ ಹಿಡಿದು ನಿಂತಿದ್ದ. ಪ್ರತಿ ವರ್ಷದಂತೆ ಮೂರು ಗಂಟೆಗೆ ಚರ್ಚಿನ ಹಾಡಿನ ತಂಡ ರೋಗಿಗಳಿಗೆ ಹಾಡಲು ಹಾರ್ಮೋನಿಯಂ ಹೊತ್ತು ಬಂತು. ಹಿರಿಯ ಆದಪ್ಪನನ್ನು ಬಕೆಟ್ ಸಮೇತ ಕಂಡು ಹಾಡು ಅರ್ಧಕ್ಕೇ ನಿಂತಿತು. ಕನಕಮ್ಮ ಎದ್ದು ಎಲ್ಲರ ಮುಂದೆ ನಡೆದದ್ದನ್ನು ನಡೆದ ಹಾಗೆ ಹೇಳಿದಳು. ಒಂದು ಅಕ್ಷರ ಬಿಡಲಿಲ್ಲ. ಕುಡಿದಿದ್ದೇನೆಂದು ಶೆಟ್ಟರ ಮುಂದೆ ಒಪ್ಪಿಕೊಂಡದ್ದನ್ನೂ ಗಂಡನ ಬಾಯಿಂದಲೇ ಹೇಳಿಸಿದಳು. ಯಾರಿಗೂ ನಗು ಬರಲಿಲ್ಲ. ಪಾಸ್ಟರು ಮೆಲ್ಲಗೆ ಪ್ರಾರ್ಥನೆ ಮಾಡಿ ಹೋದರು. ಆದಪ್ಪ ಎಂದೂ ಮಾಡದ ಒಂದು ಪ್ರಾರ್ಥನೆ ಮಾಡಿದ: ಪ್ರಭುವೇ, ಇವತ್ತು ನಿನ್ನ ಹುಟ್ಟಿದ ಹಬ್ಬ, ಈ ಮುದುಕಿಯ ಮಣ್ಣು ಮಾಡಿಸಬೇಡ.

ಐದು ಗಂಟೆಯ ಸುಮಾರಿಗೆ ಖಾಸಿಂಬೀಯ ಕಾಲಿನ ಸೆಡೆತ ನಿಂತಿತು. ಡಾಕ್ಟರಮ್ಮ ನಾಡಿ ನೋಡಿ, ಮೊದಲ ಸಲ ಮುಖ ಸಡಿಲಿಸಿ, “ಬದುಕ್ತಾರೆ” ಎಂದಳು. ಆದಪ್ಪ ಬಕೆಟ್ ಕೆಳಗಿಟ್ಟು ಗೋಡೆಯ ಕಡೆ ತಿರುಗಿ ಅತ್ತ.

ಮುದುಕಿ ಕಣ್ಣು ಬಿಟ್ಟಾಗ ಅವನು ಅವಳ ಕಾಲು ಹಿಡಿದುಕೊಂಡ.

“ಅಮ್ಮಾ, ತಪ್ಪಾತಮ್ಮ! ಕಹಿ ಹತ್ತಲಿಲ್ಲೇನು ನಿನಗ? ಉಗುಳೋದು ಬಿಟ್ಟು ಎರಡೆರಡು ಯಾಕ ತಿಂದಿ?”

ಖಾಸಿಂಬೀ ಒಣಗಿದ ತುಟಿ ಸವರಿಕೊಂಡಳು.

“ನನಗ ಸಕ್ಕರಿ ಬ್ಯಾನಿ ಐತಲ್ಲ ಬೇಟಾ. ಹತ್ತು ವರ್ಷ ಆತು, ಕನಕಮ್ಮ ಕೊಡೋ ಕರ್ಚಿಕಾಯಿ ಬಾಯಿಗೆ ಹಾಕಿಲ್ಲ. ಆಕಿ ಮನಸಿಗಿ ನೋವಾಗಬಾರದು ಅಂತ ತಗೊಂಡು ಮಂದಿಗಿ ಕೊಡ್ತಿದ್ದೆ. ಇವತ್ತು ಒಂದು ಚೂರು ನಾಲಿಗಿಗಿ ಹಚ್ಚಿ ನೋಡಿದೆ. ಸಿಹೀನ ಇಲ್ಲ. ನನ್ನ ಬ್ಯಾನಿ ಹೆಂಗೋ ತಿಳಕೊಂಡು, ಈ ಆದಪ್ಪ ನನಗಂತನ ಸಕ್ಕರಿ ಇಲ್ಲದ್ದು ಮಾಡಿಕೊಟ್ಟಾನ ಅಂದ್ಕೊಂಡೆ. ಕಹಿ ಇದ್ರೂ ಇರಲಿ, ಇಷ್ಟು ಕಾಳಜಿ ಮಾಡೋರು ಯಾರದಾರ ಅಂತ ಒಂದು ತಿಂದೆ. ಖುಷಿಗಿ ಇನ್ನೊಂದು ತಿಂದೆ.”

ಆದಪ್ಪನಿಗೆ ತಲೆ ಎತ್ತಲಾಗಲಿಲ್ಲ. ಕನಕಮ್ಮ ಸೆರಗಿನಿಂದ ಮುದುಕಿಯ ಮುಖ ಒರೆಸಿದಳು.

ಖಾಸಿಂಬೀ ಸಲಾಯಿನ್ ಹಚ್ಚದ ಕೈಯನ್ನು ನಿಧಾನಕ್ಕೆ ಎತ್ತಿ ಅವನ ತಲೆಯ ಮೇಲಿಟ್ಟಳು.

“ಅಳಬ್ಯಾಡ. ಮುಂದಿನ ವರ್ಷ ಬ್ಯಾರೆ ಏನೂ ಹಾಕಬ್ಯಾಡಪ್ಪ, ಸಕ್ಕರೀನ ಹಾಕಿಬಿಡು. ಸತ್ರ ನಾನು ಸಿಹಿ ತಿಂದಾದ್ರೂ ಸಾಯ್ತೀನಿ!”