ಅಂಗಳದ ಆಟಕ್ಕೆ ಬಂದ ಉತ್ತರ

ನಾನು ಒಂದು ಕಡೆ ನಿಲ್ಲುವ ಜನವಲ್ಲ. ಹೋದಲ್ಲೆಲ್ಲ ನಗುವಂಥದ್ದು ಏನಾದರೊಂದು ನಡೆದೇ ನಡೆಯುತ್ತದೆ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟು, ಮುಂಬೈಯ ಹೋಟೆಲು, ಗೋವಾದ ಬೋಟು, ಬೈಂದೂರಿನ ಸೈಬರ್ ಅಂಗಡಿ ಎಲ್ಲ ಸುತ್ತಿ, ಅಲ್ಲಿ ಕಲಿತ ಕೋಡಿಂಗ್ ನಂಬಿ ಬ್ರಹ್ಮಾವರದ ಕಡೆಯ ಒಂದು ಯಕ್ಷಗಾನ ಮೇಳಕ್ಕೆ ಸರ್ವರ್ ಬರೆದುಕೊಟ್ಟೆ. ಹರಕೆ ಹೊತ್ತವರು ತಮ್ಮ ಅಂಗಳದಲ್ಲಿ ಆಟ, ಅಂದರೆ ಯಕ್ಷಗಾನ, ಆಡಿಸಲು ಮೊಬೈಲಿನಲ್ಲೇ ದಿನ ಕೇಳಬಹುದು.

೧. ಮ್ಯಾನೇಜರರ ಅನುಮಾನ

"ಒಬ್ಬರ ಕೋರಿಕೆ ಬಂದರೆ ಸರ್ವರ್ ಅದರೆದುರೇ ನಿಂತುಬಿಡುವುದಿಲ್ಲ. 'ಸಿಕ್ಕಿದೆ, ಕಾಯಿರಿ' ಅಂತ ಹೇಳಿ ಮುಂದಿನವರನ್ನು ನೋಡುತ್ತದೆ. ದಿನ ಗೊತ್ತಾದಾಗ ಉತ್ತರ ಕಳಿಸುತ್ತದೆ" ಎಂದು ಮೇಳದ ಮ್ಯಾನೇಜರರಿಗೆ ವಿವರಿಸಿದೆ.

ಅವರು ಎಲೆಯಡಿಕೆಯನ್ನು ಒಂದು ಕೆನ್ನೆಗೆ ತಳ್ಳಿದರು. "ಕಾಯಿ ಅಂದ್ ಹೇಳಿ ಕಳ್ಸುದಾ? ಅದನ್ನ ನಾನ್ ಇಷ್ಟ್ ವರ್ಷ ಕರೆಂಟಿಲ್ದೆ ಮಾಡ್ತಿದ್ನಲ್ಲ ಮಾರಾಯ!"

೨. ಒತ್ತಿದ್ದೇ ಒತ್ತಿದ್ದು

ಮೊದಲು ಕೇಳಿದವರು ಮರವಂತೆಯ ಒಬ್ಬ ಮೀನುಗಾರರು. ಮಳೆಗಾಲ ಬಂದಾಗಲೆಲ್ಲ ಸಮುದ್ರ ಅವರ ಅಂಗಳವನ್ನು ಒಂದಿಷ್ಟು ತಿನ್ನುತ್ತಿತ್ತು. ಮಳೆಗೆ ಮೊದಲು ಅಲ್ಲಿ ದೇವರ ಆಟ ಆಡಿಸಿದರೆ ಸಮುದ್ರ ಹಿಂದೆ ಸರಿಯುತ್ತದೆ ಎಂಬ ನಂಬಿಕೆ. 'ಕಾಯಿರಿ' ಎಂದದ್ದು ಅವರಿಗೆ ಹಿಡಿಸಲಿಲ್ಲ. ಬೆಳಗ್ಗೆಯಿಡೀ ಅದೇ ಬಟನ್ ಒತ್ತಿದರು. ಅದೇ ಕೋರಿಕೆ ಮತ್ತೆ ಬಂದರೆ ಗುರುತು ಹಿಡಿಯಲು ಸರ್ವರಿಗಿನ್ನೂ ಕಲಿಸಿರಲಿಲ್ಲ. ಅವರ ಹೆಸರಿಗೆ ಆಟದ ಕೋರಿಕೆಗಳ ರಾಶಿಯೇ ಬಿತ್ತು.

"ಒಂದ್ ಬಿಟ್ಟು ಉಳಿದದ್ದ್ ಅಳಿಸ್ತೆ ಅಣ್ಣಾ" ಎಂದು ಫೋನ್ ಮಾಡಿದೆ.

"ಒಂದೂ ಮುಟ್ಬೇಡ! ಸಮುದ್ರ ಅಂಗ್ಳಕ್ಕೆ ಒಂದೇ ಸಲ ಬತ್ತಾ? ಅದ್ ಎಷ್ಟ್ ಸಲ ಬತ್ತೋ ಅಷ್ಟ್ ಆಟ ಇರ್ಲಿ."

೩. ಹಿಂದೆ ಬಂದವರು ಮುಂದೆ

ಆಮೇಲೆ ಕೇಳಿದ ಯಡ್ತರೆ ಊರಿನವರೊಬ್ಬರಿಗೆ ಮೊದಲು ದಿನ ಸಿಕ್ಕಿತು. ಅವರು ಕೇಳಿದ್ದು ಮೂರು ವರ್ಷ ಆಚೆಗೆ, ಖಾಲಿಯಿತ್ತು. ಮರವಂತೆಯವರಿಗೆ ಬೇಕಾದ, ಮಳೆಗೆ ಮೊದಲಿನ ದಿನಗಳೆಲ್ಲ ಈ ವರ್ಷವೂ ಮುಂದಿನ ವರ್ಷವೂ ಭರ್ತಿ.

ಮರವಂತೆಯಿಂದ ಫೋನ್: "ಹ್ವಾಯ್, ಮೊದ್ಲ್ ಕೇಂಡದ್ದ್ ನಾನ್!"

"ಯಾರ ಉತ್ತರ ಮೊದ್ಲ್ ತಯಾರಾತ್ತೋ ಅದ್ ಮೊದ್ಲ್ ಹೋಪುದ್ ಅಣ್ಣಾ. ನಿಮ್ದ್ ಒಳಗಿತ್ತ್, ಎಲ್ಲೂ ಹೋಯ್ಲಿಲ್ಲ. ಕಾಯಿನಿ."

ಅವರು ಫೋನನ್ನು ಸಮುದ್ರದತ್ತ ಹಿಡಿದು ತೆರೆಯ ಸದ್ದು ಕೇಳಿಸಿದರು. "ಹಾಂಗಾರೆ ಸಮುದ್ರಕ್ಕೂ 'ಸಿಕ್ಕಿದೆ, ಕಾಯಿರಿ' ಅಂದ್ ಒಂದ್ ಕಳ್ಸ್."

೪. ಉತ್ತರ

ಮಳೆ ಹಿಡಿಯಿತು. ಮಳೆಗಾಲದ ನಡುವಿನ ಆಟಿ ತಿಂಗಳಲ್ಲಿ ಯಾರೋ, ಮಳೆ ಕಳೆದ ಮೇಲೆ ಹೊರಡುವ ಮೇಳದ ಮುಂದಿನ ತಿರುಗಾಟದಲ್ಲಿ ತಮಗಿದ್ದ ದಿನವನ್ನು ಬಿಟ್ಟುಕೊಟ್ಟರು. ಸರ್ವರ್ ಮರೆಯದೆ ಮರವಂತೆಗೆ ಉತ್ತರ ಕಳಿಸಿತು: 'ದಿನ ಸಿಕ್ಕಿದೆ. ಸ್ಥಳ: ನಿಮ್ಮ ಅಂಗಳ. ಒಪ್ಪಿಗೆ ಒತ್ತಿ.'

ಅವರು ಒತ್ತಲಿಲ್ಲ. ಅಷ್ಟು ಒತ್ತಿದ ಮನುಷ್ಯ! ತಡೆಯಲಾರದೆ ಬೈಕ್ ಹತ್ತಿ ಹೋದೆ.

ಅಂಗಳ ಇರಲಿಲ್ಲ. ತುಳಸಿಕಟ್ಟೆ ಇರಲಿಲ್ಲ. ತೆಂಗಿನಮರ ನೀರಿಗೆ ತಲೆಯಿಟ್ಟು ಮಲಗಿತ್ತು. ಉಳಿದ ಮೆಟ್ಟಿಲ ಮೇಲೆ ಗಂಡ ಹೆಂಡತಿ ಕೂತಿದ್ದರು, ತೆರೆ ಅವರ ಕಾಲಿನವರೆಗೆ ಬಂದು ಹೋಗುತ್ತಿತ್ತು.

ಗಂಡ ಫೋನ್ ನನ್ನತ್ತ ಚಾಚಿದರು. "ಅಂಗ್ಳ ಇಲ್ಲೆ ಅಂದ್ ಹೇಳುಕೆ ಇದ್ರಗೆ ಬಟನ್ನೇ ಇಲ್ಲೆ ಅಲ್ದಾ ಮಾರಾಯ?"

ಇರಲಿಲ್ಲ. ಹೆಂಡತಿ ಕೈಚಾಚಿ ಫೋನ್ ತೆಗೆದುಕೊಂಡು, ಸೆರಗಿನಿಂದ ಒರೆಸಿ, ಒಪ್ಪಿಗೆ ಒತ್ತಿಬಿಟ್ಟರು.

"ಎಂತ ಮಾಡ್ದೆ ನೀನ್? ಆಟ ಎಲ್ಲಿ ಆಡ್ಸುದ್?" ಎಂದರು ಗಂಡ.

ಆಕೆ ನೀರಿನ ಕಡೆ ಕೈ ತೋರಿಸಿದರು. "ಇಲ್ಲೇ, ಮೆಟ್ಲ್ ಮೇಲೆ. ಕಾಣಿ, ಆಟ ಅಂದದ್ದ್ ಕೇಂಡ್ ಸಮುದ್ರ ಜಾಗ ಹಿಡೂಕೆ ಈಗ್ಳೇ ಬಂದ್ ಮುಂದಿನ ಸಾಲಗೆ ಕೂಕಂಡಾಯ್ತ್!"