ವೈನಿಯ ಐರಿಶ್ ಬಳಗ

ನಮ್ಮ ವೈನಿಗೆ ಐರ್ಲೆಂಡಿನಲ್ಲಿ ಇನ್ನೂರ ಹದಿನಾಲ್ಕು ಮಂದಿ ಬಂಧುಗಳಿದ್ದಾರೆ. ಅವರಲ್ಲಿ ಇನ್ನೂರಕ್ಕೂ ಹೆಚ್ಚು ಮಂದಿ ತೀರಿಕೊಂಡು ಎಷ್ಟೋ ವರ್ಷಗಳಾಗಿವೆ. ಉಳಿದ ಬೆರಳೆಣಿಕೆಯ ಮಂದಿಗೂ ವೈನಿಗೂ ಯಾವ ರಕ್ತಸಂಬಂಧವೂ ಇಲ್ಲ. ವೈನಿ ಹುಟ್ಟಿದ್ದು ವಿಜಯಪುರದಲ್ಲಿ, ಓದಿದ್ದು ಧಾರವಾಡದಲ್ಲಿ, ಈಗಿರುವುದು ನೆದರ್‌ಲ್ಯಾಂಡ್ಸಿನ ಹೂಫ್‌ಡಾರ್ಪಿನಲ್ಲಿ. ಇದರ ನಡುವೆ ಐರ್ಲೆಂಡ್ ಎಲ್ಲಿಂದ ಬಂತು ಅಂತೀರಾ? ನಮ್ಮಣ್ಣನೂ ಪಾಪ ಎರಡು ವರ್ಷದಿಂದ ಅದನ್ನೇ ಕೇಳುತ್ತಿದ್ದಾನೆ.

ವೈನಿ ಅಂದರೆ ನಮ್ಮ ಕಡೆ ಅಣ್ಣನ ಹೆಂಡತಿ. ಈ ವೈನಿಯ ಉದ್ಯೋಗ, ವಿಮಾನ ಪ್ರಯಾಣಿಕರ ಕಾಣೆಯಾದ ಬ್ಯಾಗುಗಳನ್ನು ಪತ್ತೆ ಹಚ್ಚುವುದು. ದಿನವಿಡೀ ಹೆಡ್‌ಫೋನ್ ಹಾಕಿಕೊಂಡು, ಅಳುವವರಿಗೂ ಬೈಯುವವರಿಗೂ ಒಂದೇ ದನಿಯಲ್ಲಿ, "ನಿಮ್ಮ ಬ್ಯಾಗ್ ಕಳೆದಿಲ್ಲ, ತಡವಾಗಿದೆ ಅಷ್ಟೆ" ಎಂದು ಹೇಳುವುದು. ಹೇಳಿ ಹೇಳಿ ಅದು ಅವರ ನಂಬಿಕೆಯೇ ಆಗಿಬಿಟ್ಟಿದೆ. ಜಗತ್ತಿನಲ್ಲಿ ಯಾವುದೂ ಕಳೆಯುವುದಿಲ್ಲ, ಹುಡುಕುವವರು ಸೋಮಾರಿಗಳು, ಅಷ್ಟೇ! ಒಮ್ಮೆ ಅಣ್ಣನ ಒಂದು ಸಾಕ್ಸ್ ಕಾಣೆಯಾಯಿತು. ವೈನಿ ಮೂರು ದಿನ ಬಿಡದೆ ಹುಡುಕಿ, ರಜಾಯಿಯ ಕವರಿನ ಮೂಲೆಯೊಳಗಿಂದ ಅದನ್ನು ಎಳೆದು ತೆಗೆದರು. ಅಷ್ಟರಲ್ಲಿ ಅಣ್ಣ ಹೊಸ ಜೊತೆ ಕೊಂಡು ತಂದಿದ್ದ. ಅದಕ್ಕೂ ಬೈಸಿಕೊಂಡ.

ನಾನಿರುವುದು ಐಂಡ್‌ಹೋವನ್ ಹತ್ತಿರದ ಬೆಸ್ಟ್ ಎಂಬ ಊರಿನಲ್ಲಿ. ಮನೆ ಊಟದ ಆಸೆಗೆ ಶನಿವಾರ ರೈಲು ಹತ್ತಿ ಹೂಫ್‌ಡಾರ್ಪಿಗೆ ಹೋಗುವುದು ನನ್ನ ರೂಢಿ. ಹಾಗೆ ಹೋಗಿದ್ದ ಒಂದು ಶನಿವಾರ, ಪಕ್ಕದ ಮನೆಯ ರೀಟ್ ಅಜ್ಜಿಯ ಹುಟ್ಟುಹಬ್ಬಕ್ಕೆ ನಮ್ಮೆಲ್ಲರನ್ನೂ ಕರೆದಿದ್ದರು. ಅಜ್ಜಿಗೆ ಎಂಬತ್ತು ದಾಟಿತ್ತು. ಮದುವೆಯಾಗಿರಲಿಲ್ಲ, ಒಬ್ಬರೇ ಇದ್ದರು. ಡಚ್ಚರ ಹುಟ್ಟುಹಬ್ಬ ನೋಡಿದ್ದೀರಾ? ಕುರ್ಚಿಗಳನ್ನು ದುಂಡಗೆ ಹಾಕಿ ಎಲ್ಲರನ್ನೂ ಕೂರಿಸುತ್ತಾರೆ. ಒಬ್ಬೊಬ್ಬರಿಗೆ ಒಂದು ಕಾಫಿ, ಒಂದು ತುಂಡು ಕೇಕು. ಎರಡನೇ ತುಂಡು ಬರಬಹುದೆಂದು ಅಣ್ಣ ಕಾಯುತ್ತ ಕೂತ. ವೈನಿ ಮಾತ್ರ ಎದ್ದು ಗೋಡೆಯ ಮೇಲಿನ ಒಂದು ಹಳೆಯ ಫೋಟೋ ಮುಂದೆ ನಿಂತರು. ಇಪ್ಪತ್ತು ದಾಟಿದ ಹುಡುಗಿಯೊಬ್ಬಳು ಕುರ್ಚಿಯಲ್ಲಿ ಕೂತಿದ್ದಳು. ಅವಳ ಮೊಣಕಾಲಿಗೆ ಆತುಕೊಂಡು ಮೂರು ನಾಲ್ಕು ವರ್ಷದ ಮಗು ನಿಂತಿತ್ತು.

ದೊಡ್ಡವಳು ತನ್ನ ತಾಯಿಯ ತಾಯಿ, ಹೆಸರು ನೋರಾ, ಎಂದರು ರೀಟ್. ಐರ್ಲೆಂಡಿನಿಂದ ರಾಟರ್‌ಡ್ಯಾಮಿನ ವ್ಯಾಪಾರಿಯೊಬ್ಬರ ಮನೆಗೆ ಮಕ್ಕಳನ್ನು ನೋಡಿಕೊಳ್ಳಲು ಬಂದವಳು, ಇಲ್ಲಿಯವನೇ ಒಬ್ಬ ಬಡಗಿಯನ್ನು ಮದುವೆಯಾಗಿ ಉಳಿದುಬಿಟ್ಟಳಂತೆ. ಚಿಕ್ಕವಳು ಅವಳ ತಂಗಿ ಕಿಟ್ಟಿ. ತವರಿನ ಬಗ್ಗೆ ಓಮಾ, ಅಂದರೆ ಅಜ್ಜಿ, ಸಾಯುವ ತನಕ ಬಾಯಿ ಬಿಡಲಿಲ್ಲ. ತವರಿನವರೇ ಅವಳನ್ನು ಕೈ ಬಿಟ್ಟರೋ, ಅವಳೇ ಓಡಿಬಂದಳೋ, ಯಾರಿಗೂ ಗೊತ್ತಿಲ್ಲ. "ಈಗ ತಿಳಿಯುವ ದಾರಿಯೂ ಇಲ್ಲ, ಎಲ್ಲಾ ಕಳೆದುಹೋಯಿತು" ಎಂದು ರೀಟ್ ಕಾಫಿ ಕಪ್ ಎತ್ತಿಕೊಂಡರು.

ಹೇಳಬಾರದ ಮಾತನ್ನು, ಹೇಳಬಾರದವರ ಎದುರಿಗೆ ಹೇಳಿಬಿಟ್ಟಿದ್ದರು ಅಜ್ಜಿ!

ಮುಂದಿನ ವಾರ ನಾನು ಹೋದಾಗ ಊಟದ ಟೇಬಲ್ ಊಟದ ಟೇಬಲ್ಲಾಗಿ ಉಳಿದಿರಲಿಲ್ಲ. ಅದರ ತುಂಬ ಒಂದಕ್ಕೊಂದು ಅಂಟಿಸಿದ ಹಾಳೆಗಳು, ಹೆಸರುಗಳು, ಬಾಣದ ಗುರುತುಗಳು. ಅಣ್ಣ ಸೋಫಾದಲ್ಲಿ ತೊಡೆಯ ಮೇಲೆ ತಟ್ಟೆ ಇಟ್ಟುಕೊಂಡು ಜೋಳದ ರೊಟ್ಟಿ ಮುರಿಯುತ್ತಿದ್ದ. ವೈನಿ ಆಫೀಸಿಗೆ ಹೋಗಿ ಬಂದು, ಅಡುಗೆ ಮುಗಿಸಿ, ಕಂಪ್ಯೂಟರಿನಲ್ಲಿ ರಾಟರ್‌ಡ್ಯಾಮಿನ ಹಳೇ ಮದುವೆಗಳ ದಾಖಲೆ ಒಂದೊಂದಾಗಿ ತೆಗೆದು ನೋಡುತ್ತಿದ್ದರು. ನೋರಾಳ ಮನೆತನದ ಹೆಸರು ಮಲ್ಕಾಹಿ. ಆ ಹೆಸರಿನ ಒಬ್ಬರೂ ಸಿಗಲಿಲ್ಲ. ಬೇರೆ ಯಾರಾದರೂ ಆಗಿದ್ದರೆ ಅಲ್ಲಿಗೇ ನಿಲ್ಲಿಸುತ್ತಿದ್ದರು. ಆದರೆ ನಮ್ಮ ಅಡ್ಡಹೆಸರನ್ನು ಈ ದೇಶದ ಪುರಸಭೆ ಒಂದು ಥರ, ಬ್ಯಾಂಕು ಒಂದು ಥರ, ಡಾಕ್ಟರ ಕ್ಲಿನಿಕ್ಕು ಮೂರನೇ ಥರ ಬರೆಯುವುದನ್ನು ವೈನಿ ಹದಿನೈದು ವರ್ಷದಿಂದ ಅನುಭವಿಸಿದವರು. ಡಚ್ ಗುಮಾಸ್ತನೊಬ್ಬ ಮಲ್ಕಾಹಿಯನ್ನು ಹೇಗೆಲ್ಲ ಕೆಡಿಸಬಹುದು ಎಂದು ಪಟ್ಟಿ ಮಾಡಿಕೊಂಡರು. ಹನ್ನೊಂದನೇ ಹೆಸರು "ಮುಲ್‌ಕಾಯ್". ಸಿಕ್ಕೇಬಿಟ್ಟಳು ನೋರಾ! ಮದುವೆಯ ದಾಖಲೆಯಲ್ಲಿ ಹುಟ್ಟಿದೂರೂ ಇತ್ತು. ಕಾರ್ಕ್ ಜಿಲ್ಲೆಯ ಒಂದು ಹಳ್ಳಿ, ಅದೂ ತಪ್ಪು ಕಾಗುಣಿತದಲ್ಲಿ.

"ನಾಯಿಕಾಯಿ ಅಂತ ಬರ್ದಿದ್ರೂ ಹುಡುಕ್ತಿದ್ದೆ" ಎಂದರು ವೈನಿ.

ಐರ್ಲೆಂಡ್ ಬಿಟ್ಟು ಹೋದವರ ಮಕ್ಕಳು, ಮೊಮ್ಮಕ್ಕಳು ತಮಗೆ ತಿಳಿದಷ್ಟನ್ನು ತಂದು ಸೇರಿಸುವ ಒಂದು ಜಾಲತಾಣವಿದೆಯಂತೆ. ಒಬ್ಬರ ಬಳಿ ಒಂದು ಪತ್ರ, ಇನ್ನೊಬ್ಬರ ಬಳಿ ಒಂದು ಸಮಾಧಿಯ ಚಿತ್ರ. ಹೀಗೆ ತುಂಡು ತುಂಡು ಜೋಡಿಸಿ ಮನೆತನಗಳನ್ನು ಮತ್ತೆ ಕಟ್ಟುತ್ತಾರೆ. ವೈನಿ ಅಲ್ಲಿ ಆ ಫೋಟೋ ಹಾಕಿದರು. ಹಾಕಿ ಸುಮ್ಮನೆ ಕೂರುವ ಜಾತಿಯೇ? ಕಾಯುವ ಹೊತ್ತಿನಲ್ಲಿ ಬಾಸ್ಟನ್ನಿನ ಯಾರದೋ ಮುತ್ತಜ್ಜನನ್ನು ಹುಡುಕಿಕೊಟ್ಟರು, ಸಿಡ್ನಿಯ ಇನ್ಯಾರಿಗೋ ಇಬ್ಬರು ಚಿಕ್ಕಜ್ಜಿಯರನ್ನು ಕೊಟ್ಟರು. ಅವರೆಲ್ಲ ವೈನಿಗೆ "ಪ್ರೀತಿಯ ಕಸಿನ್" ಎಂದು ಪತ್ರ ಬರೆಯತೊಡಗಿದರು. ತಿದ್ದಲು ವೈನಿಗೆ ಮನಸ್ಸು ಬರಲಿಲ್ಲ. ಬಳಗ ಬೆಳೆಯಿತು.

ಎರಡು ತಿಂಗಳಿಗೆ ನೋರಾಳ ಹಳ್ಳಿಯಿಂದಲೇ ಉತ್ತರ ಬಂತು. ಬರೆದವರು ಪ್ಯಾಟ್ರಿಕ್ ಎಂಬ ನಿವೃತ್ತ ಅಂಚೆಯವರು. ಮೊದಲ ವಿಡಿಯೋ ಕಾಲ್‌ಗೆ ನಾನೂ ಇದ್ದೆ. ಅವರದು ಕಾರ್ಕ್ ಇಂಗ್ಲಿಷು, ವೈನಿಯದು ವಿಜಯಪುರದ ಇಂಗ್ಲಿಷು. ನಡುವೆ ಅಣ್ಣ ಇಂಗ್ಲಿಷಿನಿಂದ ಇಂಗ್ಲಿಷಿಗೆ ಅನುವಾದ ಮಾಡುತ್ತ ಕೂತ. ನೀವು ಮಲ್ಕಾಹಿಗಳ ಯಾವ ಕಡೆಯವರು, ತಂದೆ ಕಡೆಯೋ ತಾಯಿ ಕಡೆಯೋ ಎಂದು ಪ್ಯಾಟ್ರಿಕ್ ಕೇಳಿದರು. ವೈನಿ ಒಂದು ಕ್ಷಣವೂ ತಡವರಿಸದೆ, ಪಕ್ಕದ ಮನೆಯ ಕಡೆಯವಳು ಎಂದರು. ಪ್ಯಾಟ್ರಿಕ್ ಗಂಭೀರವಾಗಿ ಬರೆದುಕೊಂಡರು.

ಆ ಕಾಲ್‌ನಲ್ಲೇ ಗೊತ್ತಾಗಿದ್ದು, ಅದೇ ಹಳ್ಳಿಯಲ್ಲಿ ಮೌರೀನ್ ಎಂಬ ಅಜ್ಜಿ ಇದ್ದಾರೆ, ಅವರು ಕಿಟ್ಟಿಯ ಮಗಳು. ಅವರ ಮನೆಯ ಗೋಡೆಯಲ್ಲೂ ಅದೇ ಫೋಟೋ ಇದೆ.

ನನಗಾದರೆ ಇಷ್ಟು ಸಾಕಿತ್ತು. ವೈನಿಗೆ ಪುರಾವೆ ಬೇಕು. ಎಂಜಲಿನಿಂದ ರಕ್ತಸಂಬಂಧ ತಿಳಿಸುವ ಡಿಎನ್‌ಎ ಪರೀಕ್ಷೆಯ ಎರಡು ಕೊಳವೆ ತರಿಸಿದರು. ಒಂದು ರೀಟ್‌ಗೆ, ಇನ್ನೊಂದು ಯಾರಿಗೆ? ತಮಗೆ! ಯಂತ್ರ ನಿಜ ಹೇಳುತ್ತದೋ ಇಲ್ಲವೋ ನೋಡಬೇಕಲ್ಲ ಎಂದು ವಾದ. ಮೌರೀನ್ ಅಲ್ಲಿ ಪರೀಕ್ಷೆ ಮಾಡಿಸಿದರು. ರೀಟ್‌ಗೂ ಮೌರೀನ್‌ಗೂ ಹತ್ತಿರದ ಸಂಬಂಧ ಎಂದು ಫಲಿತಾಂಶ ಬಂತು. ವೈನಿಯ ಫಲಿತಾಂಶದಲ್ಲಿ ಐರ್ಲೆಂಡ್ ಸೊನ್ನೆ. ಎರಡು ದಿನ ಮುಖ ಸಪ್ಪೆ ಮಾಡಿಕೊಂಡಿದ್ದರು. "ಅರ್ಧ ಪರ್ಸೆಂಟರ ಇರ್ತದ ಅನ್ಕೊಂಡಿದ್ದೆ ನೋಡು" ಎಂದು ನನ್ನ ಹತ್ತಿರ ಹೇಳಿಕೊಂಡರು.

ಆಮೇಲೆ ಪ್ಯಾಟ್ರಿಕ್ ಅವರಿಂದ ಒಂದು ಚಿತ್ರ ಬಂತು. ಚರ್ಚಿನಲ್ಲಿ ಮಕ್ಕಳಿಗೆ ಹೆಸರಿಡುವಾಗ ಬರೆಯುವ ಪುಸ್ತಕದ ಒಂದು ಪುಟ. ಕಿಟ್ಟಿಯ ಹೆಸರಿನ ಎದುರು ತಾಯಿಯ ಹೆಸರು ನೋರಾ ಮಲ್ಕಾಹಿ ಎಂದಿತ್ತು. ತಂದೆಯ ಜಾಗ ಖಾಲಿ.

ಫೋಟೋದಲ್ಲಿದ್ದುದು ಅಕ್ಕ ತಂಗಿಯರಲ್ಲ, ತಾಯಿ ಮಗಳು.

ಆ ವಾರ ಅಣ್ಣ ಬುಧವಾರವೇ ನನಗೆ ಫೋನ್ ಮಾಡಿದ. ವೈನಿ ಮಾತಾಡುತ್ತಿಲ್ಲ ಎಂದ. ಅಣ್ಣನ ಮನೆಯಲ್ಲಿ ಇದಕ್ಕಿಂತ ದೊಡ್ಡ ತುರ್ತು ಪರಿಸ್ಥಿತಿ ಇನ್ನೊಂದಿಲ್ಲ. ನಾನು ಶನಿವಾರ ಹೋದಾಗ ಅವರು ಟೇಬಲ್ಲಿನ ಎದುರು ಕೈ ಕಟ್ಟಿಕೊಂಡು ಕೂತಿದ್ದರು. ಮದುವೆಯಿಲ್ಲದೆ ಹೆತ್ತ ಹುಡುಗಿಯನ್ನು ದೂರದ ದೇಶಕ್ಕೆ ಕಳಿಸಿ, ಮಗುವನ್ನು ಅವಳ ತಾಯಿಯೇ ತನ್ನ ಮಗಳೆಂದು ಸಾಕಿದ್ದಾಳೆ. ನೂರು ವರ್ಷ ಮುಚ್ಚಿಟ್ಟದ್ದನ್ನು ಎಲ್ಲಿಂದಲೋ ಬಂದ ತಾನು ಯಾಕೆ ತೆಗೆಯಬೇಕಿತ್ತು ಎಂಬುದೇ ಅವರ ಸಂಕಟ.

"ಅಕಿ ಸಾಯೂತನಕ ಹೇಳಲಿಲ್ಲ ತಮ್ಮಾ. ನಾ ಹೇಳಿದ್ರ ಅಕಿ ಮಾತು ಮುರದಂಗ. ಹೇಳದಿದ್ರ ಈ ರೀಟ್‌ಗೆ ಸುಳ್ಳು ಹೇಳಿದಂಗ. ಏನ್ ಮಾಡ್ಲಿ?"

ಮೊದಲ ಸಲ ವೈನಿ ನನ್ನನ್ನು ಸಲಹೆ ಕೇಳಿದ್ದರು. ಉತ್ತರಕ್ಕೂ ಕಾಯದೆ ಎದ್ದು, ಡಬ್ಬಿಯಲ್ಲಿ ಶೇಂಗಾ ಉಂಡಿ ಹಾಕಿಕೊಂಡು, ಜೊತೆಗೆ ಬಾ ಎಂದರು. ರೀಟ್ ಮನೆಯಲ್ಲಿ ಕೂತು, ಪೀಠಿಕೆಯಿಲ್ಲದೆ, ತಮ್ಮ ನಿಧಾನದ ಡಚ್ಚಿನಲ್ಲಿ ಹೇಳಿದರು: "ರೀಟ್, ಕಿಟ್ಟಿ ನೋರಾಳ ತಂಗಿಯಲ್ಲ. ಮಗಳು."

ರೀಟ್ ಫೋಟೋವನ್ನು ಗೋಡೆಯಿಂದ ಇಳಿಸಿ ಮಡಿಲಲ್ಲಿ ಇಟ್ಟುಕೊಂಡರು. ಆ ಮಗು ಹುಟ್ಟಿದ್ದು ಯಾವ ತಿಂಗಳು ಎಂದು ಕೇಳಿದರು. ಮಾರ್ಚ್ ಎಂದರು ವೈನಿ. ಆಗ ರೀಟ್ ಹೇಳಿದ್ದು: ತಾನು ಚಿಕ್ಕವಳಿದ್ದಾಗ, ಪ್ರತಿ ಮಾರ್ಚಿನಲ್ಲಿ ಒಂದು ದಿನ ಓಮಾ ಕೋಣೆಯಿಂದ ಹೊರಗೆ ಬರುತ್ತಿರಲಿಲ್ಲ. ಓಮಾಗೆ ತಲೆನೋವು, ಗದ್ದಲ ಮಾಡಬೇಡಿ ಎನ್ನುತ್ತಿದ್ದರಂತೆ ದೊಡ್ಡವರು. ಆಮೇಲೆ ಒಂದು ಉಂಡಿ ತಿಂದರು. "ಹಾಗಾದರೆ ನನ್ನ ಅಮ್ಮನಿಗೆ ಒಬ್ಬ ಅಕ್ಕ ಇದ್ದಳು" ಎಂದರು.

ಇನ್ನು ಮೌರೀನ್‌ಗೆ ಹೇಗೆ ತಿಳಿಸುವುದು? ವೈನಿ ಪ್ಯಾಟ್ರಿಕ್‌ಗೆ ಎರಡು ಪುಟದ ನಾಜೂಕಿನ ಪತ್ರ ಬರೆದರು. ಮರುದಿನವೇ ಉತ್ತರ ಬಂತು. ಮೌರೀನ್‌ಗೆ ಗೊತ್ತು, ಊರಿಗೆಲ್ಲ ಗೊತ್ತು, ಯಾರೂ ಯಾರಿಗೂ ಹೇಳಿಲ್ಲ, ಅಷ್ಟೇ! ಒಂದು ವಾರ ನಿದ್ದೆ ಕೆಟ್ಟದ್ದಕ್ಕೆ ವೈನಿ ಆ ಇಡೀ ಊರಿನ ಮೇಲೆ ಸಿಟ್ಟಾದರು.

ಈ ಬೇಸಿಗೆಯಲ್ಲಿ ಮೌರೀನ್ ಬಂದರು. ಎಂಬತ್ತರ ಹೆಂಗಸು, ಮೊದಲ ಸಲ ವಿಮಾನ ಹತ್ತಿದ್ದು. ರೀಟ್ ಮನೆಯ ಬಾಗಿಲಲ್ಲಿ ಇಬ್ಬರೂ ಕೈ ಹಿಡಿದುಕೊಂಡು ನಿಂತರು. ಒಬ್ಬರಿಗೆ ಇಂಗ್ಲಿಷ್ ಅಷ್ಟಕ್ಕಷ್ಟೆ, ಇನ್ನೊಬ್ಬರಿಗೆ ಡಚ್ ಬಾರದು. ಮೌರೀನ್ ಕೈಚೀಲದಿಂದ ಬೆರಳುದ್ದದ ಒಂದು ಜೊತೆ ಮರದ ಚಪ್ಪಲಿ ತೆಗೆದು ರೀಟ್ ಅಂಗೈಯಲ್ಲಿಟ್ಟರು. ಹಾಲೆಂಡಿನ "ಅಕ್ಕ" ಕಳಿಸಿದ್ದನ್ನು ಕಿಟ್ಟಿ ಕೊನೆಯವರೆಗೆ ದಿಂಬಿನ ಪಕ್ಕ ಇಟ್ಟುಕೊಂಡಿದ್ದಳಂತೆ. ನಾನು, ಅಣ್ಣ ಇಬ್ಬರೂ ಕಿಟಕಿಯ ಹೊರಗೆ ನೋಡಿದೆವು. ಅಲ್ಲಿ ನೋಡುವಂಥದ್ದೇನೂ ಇರಲಿಲ್ಲ.

ಭಾನುವಾರ ಮಧ್ಯಾಹ್ನ ಎಲ್ಲರಿಗೂ ವೈನಿ ಮನೆಯಲ್ಲಿ ಊಟ. ಟೇಬಲ್ ಎರಡು ವರ್ಷದ ಮೇಲೆ ಊಟಕ್ಕೆ ಬಿಡುಗಡೆಯಾಗಿತ್ತು. ವೈನಿ ಹೋಳಿಗೆ ಬಡಿಸುತ್ತ, ಮೌರೀನ್‌ಗೇ ಗೊತ್ತಿರದ ಅವರ ಮುತ್ತಜ್ಜಂದಿರ ಹೆಸರುಗಳನ್ನು ಪಟಪಟ ಹೇಳುತ್ತಿದ್ದರು. ಮೌರೀನ್ ಬೆರಗಾಗಿ ಕೇಳುತ್ತಿದ್ದವರು, ಸುಮ್ಮನೆ ಉಪಚಾರಕ್ಕೆಂಬಂತೆ ಕೇಳಿದರು: "ನಿನ್ನ ಅಜ್ಜಿಯ ಹೆಸರೇನಮ್ಮಾ?"

ವೈನಿ ಬಾಯಿ ತೆರೆದರು. ತಂದೆಯ ತಾಯಿ, ಎತ್ತಿ ಆಡಿಸಿದ ಆಯಿ, ವೈನಿ ಹತ್ತು ವರ್ಷದವರಿದ್ದಾಗ ತೀರಿಕೊಂಡವರು. ಎಲ್ಲರೂ ಆಯಿ ಅಂತಿದ್ದರು, ಇವರೂ ಆಯಿ ಅಂದರು. ಹೆಸರು ಕೇಳಿಯೇ ಇರಲಿಲ್ಲ.

ಹೋಳಿಗೆಯ ಪಾತ್ರೆ ಕೆಳಗಿಟ್ಟು, ಅಲ್ಲೇ ನಿಂತು ವಿಜಯಪುರದ ಕಾಕಾಗೆ ಫೋನ್ ಮಾಡಿದರು. ಕಾಕಾ ಆಯಿಯ ಕೊನೆಯ ಮಗ, ಈಗ ಅವರಿಗೂ ಎಂಬತ್ತರ ಹತ್ತಿರ. ಕಿವಿ ಮಂದ, ಅದಕ್ಕೇ ಸ್ಪೀಕರ್ ಹಾಕಿ ಜೋರಾಗಿ ಕೇಳಿದರು.

"ಯಾವ ಹೆಸರು ಬೇಕವಾ?" ಎಂದರು ಕಾಕಾ. "ಮದಿವ್ಯಾಗ ನಮ್ಮ ಮನ್ಯಾಗ ಇಟ್ಟದ್ದೋ, ಅಕಿ ತೌರಿಂದ ತಂದದ್ದೋ?"

"ತೌರಿಂದ ತಂದದ್ದು ಹೇಳ್ರಿ."

ಆಗ ಮನೆಯ ಹಿರಿಯರೆಲ್ಲ ಲಕ್ಷ್ಮೀಬಾಯಿ ಅಂತಲೇ ಕರೆಯುತ್ತಿದ್ದರು, ಎಂದರು ಕಾಕಾ. ಮಕ್ಕಳಿಗೂ ಬೇರೆ ಹೆಸರು ಗೊತ್ತಿರಲಿಲ್ಲ. ಒಮ್ಮೆ ಆಯಿಯ ಅಣ್ಣ ಎಷ್ಟೋ ವರ್ಷದ ಮೇಲೆ ಬಂದ. ಬಾಗಿಲಲ್ಲಿ ನಿಂತು ಇನ್ನೊಂದು ಹೆಸರು ಹಿಡಿದು ಕೂಗಿದ. ಯಾರನ್ನು ಕರೆಯುತ್ತಿದ್ದಾನೆಂದು ಮಕ್ಕಳು ಮುಖ ಮುಖ ನೋಡಿಕೊಳ್ಳುವಷ್ಟರಲ್ಲಿ, ಒಲೆಯ ಮುಂದಿದ್ದ ಆಯಿ ಹಿಟ್ಟಿನ ಕೈಯಲ್ಲೇ ಅಂಗಳಕ್ಕೆ ಓಡಿಬಂದರಂತೆ.

"ಚಂಪಾ," ಎಂದರು ಕಾಕಾ. "ಚಂಪಾ ಅಂತ ಇತ್ತವಾ ಅಕಿ ಹೆಸರು."

ವೈನಿ ಫೋನ್ ಇಟ್ಟರು. ಮೌರೀನ್, ರೀಟ್ ಇಬ್ಬರೂ ಊಟ ಬಿಟ್ಟು ಅವರ ಮುಖವನ್ನೇ ನೋಡುತ್ತಿದ್ದರು. ವೈನಿ ಹೆಸರು ಹೇಳಿದರು. ಮೌರೀನ್ "ಶಾಂಪಾ" ಎಂದರು. ಅಲ್ಲ, ಚಂಪಾ, ಎಂದು ವೈನಿ ತಿದ್ದಿದರು. ರೀಟ್ "ತ್ಸಂಪಾ" ಎಂದರು. ಅಲ್ಲ ಎಂದು ಮತ್ತೆ ತಿದ್ದಿದರು. ಇಬ್ಬರು ಮುದುಕಿಯರೂ ಶಾಲೆಯ ಮಕ್ಕಳ ಹಾಗೆ ಬೆನ್ನು ನೆಟ್ಟಗೆ ಮಾಡಿ ಕೂತು, ಒಟ್ಟಿಗೇ, ಸರಿಯಾಗಿ, "ಚಂಪಾ" ಎಂದರು.

ವೈನಿ ಹೌದೆಂದು ತಲೆಯಾಡಿಸಿದರು. ಆಮೇಲೆ, ಇನ್ನೊಂದು ಸಲ ಹೇಳಿ, ಎಂದರು.